ಬಾಳೂರಿಗೆ ಒಯ್ದ ಮೊಬೈಲ್ ಪೆಟ್ಟಿಗೆ

ತಾಲ್ಲೂಕಿನ ನಲವತ್ತು ಶಾಲೆಗಳಿಗೆ ನಲವತ್ತು ಕಬ್ಬಿಣದ ಪೆಟ್ಟಿಗೆ, ಮಕ್ಕಳ ಮೊಬೈಲ್ ಬೀಗ ಹಾಕಿಡಲು. ಮೂಡಿಗೆರೆಯ ನನ್ನ ಅಂಗಡಿಗೆ ಅದು ದೊಡ್ಡ ಆರ್ಡರ್. ಮಾದರಿ ಪೆಟ್ಟಿಗೆ ಹಿಡಿದು ಬಾಳೂರು ಕಡೆಯ ಹೈಸ್ಕೂಲಿಗೆ ಹೋದೆ. ಒಪ್ಪಿಗೆ ಕೊಡಬೇಕಾದ ಶಿಕ್ಷಣ ಇಲಾಖೆಯ ಅಧಿಕಾರಿಯೂ ಬಂದಿದ್ದರು.

ಬೆಳಿಗ್ಗೆಯಿಂದ ಕರೆಂಟಿಲ್ಲದೆ ಮೊಬೈಲ್ ಟವರ್ ಸತ್ತಿತ್ತು. ಹೆಡ್‌ಮೇಡಂ ಎದುರೇ ಹತ್ತನೇ ಕ್ಲಾಸಿನ ಮಕ್ಕಳ ಫೋನುಗಳನ್ನೆಲ್ಲ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದೆ.

"ಇನ್ನು ಆನ್‌ಲೈನ್ ಕಾಟ ಮುಗೀತು ಬಿಡಿ," ಎಂದರು ಅಧಿಕಾರಿ.

ಅಷ್ಟರಲ್ಲಿ ಕರೆಂಟ್ ಬಂತು, ಟವರಿಗೂ ಜೀವ ಬಂದು ತಡೆದಿದ್ದ ಮೆಸೇಜುಗಳೆಲ್ಲ ಒಟ್ಟಿಗೆ ನುಗ್ಗಿದವು. ಪೆಟ್ಟಿಗೆ ಜೇನುಗೂಡಿನ ಹಾಗೆ ಗುಂಯ್‌ಗುಟ್ಟಿತು. ಉಳಿದ ಫೋನುಗಳು ಸುಮ್ಮನಾದರೂ ಒಂದು ಮಾತ್ರ ನಿಲ್ಲಲೇ ಇಲ್ಲ. ತಗಡು ನಡುಗುತ್ತಲೇ ಇತ್ತು. ಮುಂದಿನ ಬೆಂಚಿನ ಹುಡುಗಿ ಬಿಳಿಚಿಕೊಂಡಳು.

"ಅದು ನಂದು ಮೇಡಂ. ಉತ್ತರ ಕೊಡದಿದ್ರೆ ನನ್ನ ಫೋಟೋ ಎಲ್ರಿಗೂ ಕಳಿಸ್ತಾನಂತೆ."

"ಯಾರಮ್ಮ ಅವ್ನು?" ಹೆಡ್‌ಮೇಡಂ ಕೇಳಿದರು.

"ಮುಖ ನೋಡಿಲ್ಲ. ನಾನು ಸ್ಕೂಲಿಗೆ ಬರೋಕೆ ಜೀಪ್ ಹತ್ತಿದ್ದೂ ಅವ್ನಿಗೆ ಗೊತ್ತಾಗುತ್ತೆ."

ಎಲ್ಲರೂ ಕಿಟಕಿಯಾಚೆ ನೋಡಿದೆವು. ಯಾರೂ ಇರಲಿಲ್ಲ.

"ಮೊದ್ಲೇ ಯಾಕೆ ಹೇಳ್ಲಿಲ್ಲ?" ಅಧಿಕಾರಿ ಕೇಳಿದರು.

"ಹೇಳಿದ್ರೆ ಫೋನ್ ಕಿತ್ಕೊಳ್ತೀರಲ್ಲ."

ಹೆಡ್‌ಮೇಡಂ ಅವಳ ಕೈ ಹಿಡಿದುಕೊಂಡರು. "ನಿನ್ನ ತಪ್ಪಿಲ್ಲಮ್ಮ. ಸಾರ್, ಪೆಟ್ಟಿಗೆ ಬೇಡ. ಮಕ್ಕಳ ಮಾತು ಕೇಳೋಕೆ ಒಬ್ರನ್ನ ಕೊಡಿ."

ಅಧಿಕಾರಿ ಅಲ್ಲಿಂದಲೇ ಸೈಬರ್ ಪೊಲೀಸರಿಗೆ ಫೋನ್ ಮಾಡಿದರು. ನನ್ನ ಆರ್ಡರ್ ರದ್ದಾಯಿತು. ಉಳಿದದ್ದು ಆ ಒಂದು ಪೆಟ್ಟಿಗೆ. ಅಂಗಡಿಯಲ್ಲಿ ಖಾಲಿ ಬಿದ್ದಿದೆ, ಆದರೂ ಕರೆಂಟ್ ಬಂದಾಗಲೆಲ್ಲ ಕಿವಿ ಅತ್ತಲೇ ಹೋಗುತ್ತದೆ.