ಸಿರಿಂಜಿನ ಎರಡು ಗೆರೆ

ನನ್ನ ಬಾಯಿ ಜೋರು ಎನ್ನುವುದು ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗೆ ಆಂಬುಲೆನ್ಸಿನಲ್ಲಿ ಕೆಲಸ ಮಾಡುವವರಿಗೆಲ್ಲ ಗೊತ್ತು. ಬೆನ್ನ ಹಿಂದೆ ನನ್ನನ್ನು ಮೆಣಸಿನಕಾಯಿ ಸಿಸ್ಟರ್ ಅನ್ನುತ್ತಾರೆ. ಅನ್ನಲಿ. ಹನ್ನೊಂದು ವರ್ಷ ಓಡುವ ವಾಹನದೊಳಗೆ ರೋಗಿಯ ಪಕ್ಕ ನಿಂತು ಕೆಲಸ ಮಾಡಿದವಳು ನಾನು. ಆಮ್ಲಜನಕದ ಸಿಲಿಂಡರನ್ನು ನೋಡದೆಯೇ ನೋಡಿದೆ ಎಂದು ಸಹಿ ಹಾಕುವವರನ್ನು ಸುಮ್ಮನೆ ಬಿಡುವುದು ನನ್ನಿಂದಾಗದು. ಕೊಟ್ಟೂರಿನ ವಾಹನದ ಒಬ್ಬನಿಗೆ ಅಂಥ ಒಂದು ಸಹಿಗಾಗಿ ಎಲ್ಲರೆದುರು ಬೆವರಿಳಿಸಿದ್ದೆ.

ನಮ್ಮ ಹಡಗಲಿಯ ವಾಹನದಲ್ಲಿ ಇದ್ದದ್ದು ಇಬ್ಬರೇ, ನಾನು ಮತ್ತು ಡ್ರೈವರ್. ಅವರು ಹರಪನಹಳ್ಳಿ ಕಡೆಯವರು, ನನಗಿಂತ ಹಿರಿಯರು, ಮೊದಲು ಲಾರಿ ಓಡಿಸಿದವರು. ಔಷಧಿ ಕೊಡುವ ಮುಂಚೆ ಎರಡು ಜೊತೆ ಕಣ್ಣು ನೋಡಬೇಕು ಎಂದು ನಮಗೆ ಕಲಿಸಿದ್ದರು. ಆಸ್ಪತ್ರೆಯಲ್ಲಾದರೆ ಪಕ್ಕದಲ್ಲಿ ಇನ್ನೊಬ್ಬ ನರ್ಸ್ ಇರುತ್ತಾಳೆ. ಮಲ್ಲಿಗೆ ತೋಟದ ಬದುವಿನ ಮೇಲೆ ಅವಳನ್ನು ಎಲ್ಲಿಂದ ತರುವುದು? ಅದಕ್ಕೇ ನಾನೊಂದು ಪದ್ಧತಿ ಮಾಡಿಕೊಂಡಿದ್ದೆ. ಡಾಕ್ಟರು ಫೋನಿನಲ್ಲಿ ಪ್ರಮಾಣ ಹೇಳುವಾಗ ಸ್ಪೀಕರ್ ಹಾಕಬೇಕು. ಔಷಧಿ ತುಂಬಿದ ಸಿರಿಂಜನ್ನು ನಾನು ಡ್ರೈವರ್ ಕಣ್ಣೆದುರು ಹಿಡಿಯಬೇಕು. ಅವರು ಗೆರೆ ಎಣಿಸಿ ಬಾಯಿಬಿಟ್ಟು ಹೇಳಬೇಕು. ಆಮೇಲೆ ಸೂಜಿ. ಮೊದಮೊದಲು ಇದರಲ್ಲಿ ತಮ್ಮದೇನಿದೆ ಎಂದು ಅವರು ಗೊಣಗಿದರು. ಆಮೇಲೆ ಕನ್ನಡಕ ಹುಡುಕಿ, ಒರೆಸಿ, ಮೂಗಿನ ಮೇಲೆ ಕೂರಿಸಿ, ಅಂಗಡಿಯವನ ತಕ್ಕಡಿ ನೋಡಿದ ಹಾಗೆ ನೋಡತೊಡಗಿದರು. ಆ ನಿಧಾನಕ್ಕೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆ ವರ್ಷ ನಮ್ಮ ಸುತ್ತಿನ ಐದೂ ತಾಲ್ಲೂಕಿನ ಆಂಬುಲೆನ್ಸುಗಳಿಗೆ ಒಬ್ಬ ಮುಖ್ಯಸ್ಥರನ್ನು ಆರಿಸುವುದೆಂದು ತೀರ್ಮಾನವಾಯಿತು. ಹುದ್ದೆ ನಿನಗೇ ಎಂದು ಎಲ್ಲರೂ ಹೇಳುತ್ತಿದ್ದರು. ಸುಳ್ಳೇಕೆ ಹೇಳಲಿ, ನಾನೂ ಹಾಗೇ ಅಂದುಕೊಂಡಿದ್ದೆ. ಸಂದರ್ಶನಕ್ಕೆಂದು ಸೀರೆ ಕೂಡ ಇಸ್ತ್ರಿ ಮಾಡಿಸಿ ಇಟ್ಟಿದ್ದೆ. ಅದಕ್ಕೆ ನಾಲ್ಕು ದಿನ ಇರುವಾಗ ಹಿರೇಹಡಗಲಿ ಕಡೆಯಿಂದ ಕರೆ ಬಂತು.

ಬೆಳಿಗ್ಗೆ ಮಲ್ಲಿಗೆ ಮೊಗ್ಗು ಬಿಡಿಸುವ ಹೊತ್ತು. ತಾಯಿಯ ಜೊತೆ ತೋಟಕ್ಕೆ ಹೋಗಿದ್ದ ಆರು ವರ್ಷದ ಹುಡುಗಿಗೆ ಹೆಜ್ಜೇನು ಕಚ್ಚಿದ್ದವು. ನಾವು ತೋಟ ಮುಟ್ಟುವಷ್ಟರಲ್ಲಿ ತುಟಿ, ಕಣ್ಣು ಎಲ್ಲ ಬಾತುಕೊಂಡಿದ್ದವು. ಉಸಿರು ಸೀಟಿಯಂತೆ ಸದ್ದು ಮಾಡುತ್ತಿತ್ತು. ಡಾಕ್ಟರು ಫೋನಿನಲ್ಲಿ ಮಗುವಿನ ತೂಕ ಕೇಳಿ ಬಾವು ಇಳಿಸಿ ಉಸಿರು ಬಿಡಿಸುವ ಇಂಜೆಕ್ಷನ್ನಿನ ಪ್ರಮಾಣ ಹೇಳಿದರು. ನಮ್ಮ ಸಿರಿಂಜಿನ ಲೆಕ್ಕದಲ್ಲಿ ಎರಡು ಗೆರೆ. ಎರಡು ಎಂದು ನಾನೂ ತಿರುಗಿ ಹೇಳಿದೆ. ಬಾಯಿ ಎರಡು ಎಂದಿತು, ಕೈ ಐದು ತುಂಬಿತು. ದೊಡ್ಡವರಿಗೆ ಕೊಡುವುದು ಐದು. ವರ್ಷಗಟ್ಟಲೆ ಅದನ್ನೇ ಎಳೆದ ಕೈ ತನ್ನ ಪಾಡಿಗೆ ತಾನು ಎಳೆದಿತ್ತು. ಡ್ರೈವರ್ ಇನ್ನೂ ಕನ್ನಡಕಕ್ಕೆ ಜೇಬು ತಡಕುತ್ತಿದ್ದರು. ಬಿಡಿ, ಹೊತ್ತಿಲ್ಲ ಎಂದು ರೇಗಿ ನಾನು ಸೂಜಿಯನ್ನು ಮಗುವಿನ ತೊಡೆಯ ಹತ್ತಿರ ತಂದುಬಿಟ್ಟೆ. ಅವರು ನನ್ನ ಮಣಿಕಟ್ಟು ಹಿಡಿದರು. ಅಷ್ಟು ವರ್ಷದಲ್ಲಿ ಅವರು ನನ್ನನ್ನು ಮುಟ್ಟಿದ್ದು ಅದೊಂದೇ ಸಲ.

"ಡಾಕ್ಟ್ರು ಎರಡಂದ್ರು ಮೇಡಂ. ಇದರಾಗ ಐದು ಅದಾವ."

ನೋಡಿದೆ. ಐದೇ ಇತ್ತು. ಮೂರು ಗೆರೆ ಚೆಲ್ಲಿ ಮತ್ತೆ ತೋರಿಸಿದೆ. ಅವರು ಎರಡು ಎಂದ ಮೇಲೆ ಚುಚ್ಚಿದೆ. ಹಡಗಲಿಯ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಹುಡುಗಿ ಕಣ್ಣು ಬಿಟ್ಟು ನೀರು ಕೇಳಿದಳು. ತಾಯಿ ನನ್ನ ಕೈಯನ್ನು ಎಳೆದು ಕಣ್ಣಿಗೊತ್ತಿಕೊಂಡಳು. ಯಾವ ಕೈಯನ್ನು ಒತ್ತಿಕೊಳ್ಳುತ್ತಿದ್ದಾಳೆ ಎಂದು ಅವಳಿಗೆ ಗೊತ್ತಿರಲಿಲ್ಲ. ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಹೀಗೆ ಕೂದಲೆಳೆಯಲ್ಲಿ ತಪ್ಪಿಹೋದ ಅನಾಹುತವನ್ನು ಬರೆದು ಕಚೇರಿಗೆ ಕೊಡಲು ಒಂದು ಹಾಳೆ ಇದೆ. ಅದನ್ನು ಯಾರಾದರೂ ತುಂಬಿದ್ದನ್ನು ನಾನು ಕಂಡಿರಲಿಲ್ಲ. ಚುಚ್ಚಲಿಲ್ಲವಲ್ಲ, ಮಗು ಆರಾಮಾಗಿದೆ, ಸಂದರ್ಶನ ಮುಗಿಯಲಿ ಎಂದು ಡ್ರೈವರ್ ಹೇಳಿದರು. ನನ್ನ ಒಳ್ಳೆಯದಕ್ಕೇ ಹೇಳಿದರು. ನಾನು ಅವರ ಮೇಲೆಯೇ ಹರಿಹಾಯ್ದೆ. ನಿಜವಾಗಿ ಸಿಟ್ಟು ಬಂದದ್ದು ಅವರ ಮೇಲಲ್ಲ. ಅದೇ ಮಾತು ನನ್ನ ಮನಸ್ಸಿನಲ್ಲೂ ಆಗಲೇ ಬಂದು ಕೂತಿತ್ತು. ಕೊಟ್ಟೂರಿನವನ ಬೆವರಿಳಿಸಿದ ಬಾಯಿ ಈಗ ಮುಚ್ಚಿಕೊಂಡರೆ ಇನ್ನೆಂದೂ ತೆರೆಯಲು ಮುಖವಿರುವುದಿಲ್ಲ. ರೋಗಿಯ ಮೈಗೆ ನನ್ನ ಕೈಯಿಂದ ಹೋಗುವುದಕ್ಕೆ ಕಾನೂನಿನಲ್ಲಿ ಹೊಣೆ ನಾನು, ಡಾಕ್ಟರಾಗಲಿ ಡ್ರೈವರಾಗಲಿ ಅಲ್ಲ. ಆಸ್ಪತ್ರೆಯ ಬೆಂಚಿನ ಮೇಲೆಯೇ ಕೂತು ಬರೆದೆ. ಕನ್ನಡಕ ಹುಡುಕುತ್ತಿದ್ದವರಿಗೆ ಹೊತ್ತಿಲ್ಲ ಎಂದು ರೇಗಿದ್ದನ್ನೂ ಬರೆದೆ.

ಮರುದಿನ ವಾರ್ಡಿಗೆ ಹೋಗಿ ತಾಯಿಗೆ ಎಲ್ಲವನ್ನೂ ಹೇಳಿದೆ. ಅವಳು ಬಯ್ಯಲಿಲ್ಲ. ನನ್ನ ಕೈ ಹಿಡಿದು ತಡೆದ ಆ ಡ್ರೈವರ್ ಎಲ್ಲಿದ್ದಾರೆ ಎಂದಷ್ಟೇ ಕೇಳಿದಳು.

ಹಾಳೆ ಓದಿ ಕಚೇರಿಯವರು ನಡೆಸಿದ ವಿಚಾರಣೆಯಲ್ಲಿ ಅಲ್ಲಿನ ಅಧಿಕಾರಿಗೆ ನನ್ನ ತಪ್ಪಿಗಿಂತ ಡ್ರೈವರ್ ವಿಷಯವೇ ದೊಡ್ಡದಾಗಿ ಕಂಡಿತು. ಔಷಧಿಯ ಕೆಲಸದಲ್ಲಿ ಕೈ ಹಾಕಲು ಇವರಿಗೆ ಯಾವ ಅಧಿಕಾರ ಎಂದರು. ಪದ್ಧತಿ ಮಾಡಿದ್ದು ನಾನು, ಅವರು ಔಷಧಿಯನ್ನು ಎಂದೂ ಮುಟ್ಟಿಲ್ಲ, ಶಿಕ್ಷೆ ಏನಿದ್ದರೂ ನನಗೆ ಎಂದೆ. ಅಧಿಕಾರಿ ಅವರ ಕಡೆ ತಿರುಗಿದರು. ಡ್ರೈವರ್ ಎದ್ದು ನಿಂತರು.

"ಔಷಧಿ ನಾ ನೋಡ್ಲಿಲ್ರಿ ಸಾಹೇಬ್ರ. ಗೆರಿ ಎಣಿಸಿದೆ. ಎಣಸಾಕ ಬರ್ತೈತ್ರಿ ನನಗ."

ಡ್ರೈವರ್ ಮೇಲೆ ಕ್ರಮವಾಗಲಿಲ್ಲ. ನನಗೆ ಎಚ್ಚರಿಕೆಯ ಪತ್ರ ಬಂತು, ಎರಡು ವಾರ ಮರುತರಬೇತಿಯೂ ಆಯಿತು. ಹುದ್ದೆ ಕೂಡ್ಲಿಗಿಯ ವಾಹನದ ಒಬ್ಬನಿಗೆ ಹೋಯಿತು. ವಯಸ್ಸಿನಲ್ಲಿ ನನಗಿಂತ ಚಿಕ್ಕವನು, ಮೆತ್ತಗೆ ಮಾತಾಡುವವನು. ನನಗೆ ಹೊಟ್ಟೆ ಉರಿಯಿತು. ಇವನ ದನಿ ಹಿಂದಿನ ಸಾಲಿಗೆ ಕೇಳುವುದಿಲ್ಲ, ಐದು ತಾಲ್ಲೂಕು ಹೇಗೆ ನಡೆಸುತ್ತಾನೆ ಎಂದು ಮನೆಯಲ್ಲಿ ಆಡಿಕೊಂಡೆ.

ಮುಂದಿನ ತಿಂಗಳು ಹಗರಿಬೊಮ್ಮನಹಳ್ಳಿಯ ಕಚೇರಿಯಲ್ಲಿ ಐದೂ ತಾಲ್ಲೂಕಿನವರ ಸಭೆ. ಅಧಿಕಾರಿ ಹೆಸರು ಹೇಳದೆ ನನ್ನ ಹಾಳೆಯನ್ನು ಓದಿದರು. ಯಾರಿದು, ಯಾರಿದು ಎಂದು ಗುಸುಗುಸು ಶುರುವಾಯಿತು. ಕೆಲವರು ನಕ್ಕರು. ನಾನು ಎದ್ದು, ಅದು ನನ್ನದು ಎಂದೆ. ದನಿ ಜೋರಾಗಿಯೇ ಬಂತು. ಆಗ ಅಧಿಕಾರಿಯ ಪಕ್ಕದ ಕುರ್ಚಿಯಿಂದ ಹೊಸ ಮುಖ್ಯಸ್ಥ ಎದ್ದ.

"ನಂದೂ ಒಂದೈತ್ರಿ. ಇವತ್ತಿನ ತನಕ ಯಾರಿಗೂ ಹೇಳಿಲ್ಲ."

ಒಬ್ಬ ರೋಗಿಗೆ ದಾರಿಯಲ್ಲಿ ಕೊಟ್ಟ ಇಂಜೆಕ್ಷನ್ನನ್ನು ಆಸ್ಪತ್ರೆಯವರಿಗೆ ಹೇಳಲು ಮರೆತಿದ್ದನಂತೆ. ಅವರು ಎರಡನೆಯ ಸಲ ಕೊಡುವಷ್ಟರಲ್ಲಿ ನೆನಪಾಗಿ ಓಡಿ ತಡೆದಿದ್ದನಂತೆ. ಅದೇ ಮೆತ್ತಗಿನ ದನಿಯಲ್ಲಿ ಹೇಳಿದ. ಹಿಂದಿನ ಸಾಲಿನವರಿಗೂ ಪ್ರತಿ ಮಾತು ಕೇಳಿಸಿತು. ಅವನ ಮೇಲಿದ್ದ ನನ್ನ ಉರಿ ಅಲ್ಲೇ ಆರಿತು. ಅವನು ಕೂರುವ ಮುಂಚೆಯೇ ಹರಪನಹಳ್ಳಿಯ ನರ್ಸ್ ಎದ್ದಳು. ಅವಳಾದ ಮೇಲೆ ಇನ್ನೊಬ್ಬರು, ಮತ್ತೊಬ್ಬರು. ಊಟದ ಹೊತ್ತು ಮೀರಿದರೂ ಯಾರೂ ಎದ್ದು ಹೋಗಲಿಲ್ಲ. ಈ ಕೆಲಸಕ್ಕೆ ಸೇರಿದ್ದಕ್ಕೆ, ಇಂಥವರ ನಡುವೆ ಇರುವುದಕ್ಕೆ ನನಗೆ ಅಂದಿನಷ್ಟು ಹೆಮ್ಮೆ ಯಾವತ್ತೂ ಆಗಿರಲಿಲ್ಲ. ಹೇಳಿದ್ದನ್ನು ಎಲ್ಲರೂ ಬರೆದುಕೊಡಲು ಕೂತಾಗ ಕಚೇರಿಯಲ್ಲಿದ್ದ ಹಾಳೆಗಳು ಮುಗಿದುಹೋದವು. ಹೊಸ ಮುಖ್ಯಸ್ಥ ನನ್ನ ಚೀಲದಲ್ಲಿ ಉಳಿದಿದ್ದ ಒಂದು ಖಾಲಿ ಹಾಳೆ ಇಸಕೊಂಡು, ಜೆರಾಕ್ಸ್ ಮಾಡಿಸಿಕೊಂಡು ಬರಲು ತಾನೇ ಬಿಸಿಲಿಗಿಳಿದು ಹೋದ.