ಒಂದು ಪಾವಿಗೆ ಎಷ್ಟು ಗ್ರಾಂ

ಮಗಳಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದಾಗ ಅವಳಿನ್ನೂ ಪ್ರೈಮರಿ ಶಾಲೆಯಲ್ಲಿದ್ದಳು. ನಾವು ಪರ್ತ್‌ನ ಸದರ್ನ್ ರಿವರ್ ಬಡಾವಣೆಗೆ ಮನೆ ಬದಲಿಸಿ ಹೆಚ್ಚು ದಿನವಾಗಿರಲಿಲ್ಲ. ಆಸ್ಪತ್ರೆಯಲ್ಲಿ ಸೂಜಿ ಚುಚ್ಚುವುದನ್ನು ಕಲಿಸಿಕೊಟ್ಟರು. ಅದನ್ನು ಮಗಳು ನನಗಿಂತ ಬೇಗ ಕಲಿತಳು. ನನಗೆ ಕಷ್ಟವಾದದ್ದು ಆಮೇಲಿನದು. ತಟ್ಟೆಗೆ ಬೀಳುವ ಅನ್ನ ಎಷ್ಟು ಗ್ರಾಂ ಎಂದು ಮೊದಲೇ ಹೇಳಬೇಕು, ಅದಕ್ಕೆ ತಕ್ಕಷ್ಟು ಇನ್ಸುಲಿನ್. ಕಡಿಮೆ ಹೇಳಿದರೆ ಸಕ್ಕರೆ ಏರುತ್ತದೆ, ಜಾಸ್ತಿ ಹೇಳಿದರೆ ಮಗು ಕುಸಿದು ಬೀಳುತ್ತದೆ.

ನಾನು ಗ್ರಾಂ ಲೆಕ್ಕದಲ್ಲಿ ಅಡುಗೆ ಮಾಡಿದವಳೇ ಅಲ್ಲ. ಮೈಸೂರಿನಿಂದ ತಂದ ಹಿತ್ತಾಳೆ ಪಾವು, ಇಲ್ಲದಿದ್ದರೆ ಕೈ. ಅಮ್ಮನಿಗೆ ಫೋನ್ ಮಾಡಿ ಕೇಳಿದೆ.

"ಪಾವಿಗೆ ಎಷ್ಟು ಗ್ರಾಂ ಅಮ್ಮ?"

"ಅದನ್ಯಾರೇ ತೂಗ್ತಾರೆ? ಮೂರು ಜನಕ್ಕೆ ಒಂದು ಪಾವು ಹಾಕು. ಯಾರಾದ್ರೂ ಬಂದ್ರೆ ಒಂದು ಹಿಡಿ ಜಾಸ್ತಿ."

ನಮ್ಮೆಜಮಾನರು ಎಂಜಿನಿಯರ್. ಅಡುಗೆ ತಕ್ಕಡಿ ತಂದು, ಪಾವಿನ ತುಂಬ ಅಕ್ಕಿ ಹಾಕಿ, ಚಾಕುವಿನ ಬೆನ್ನಿನಿಂದ ಮೇಲೆ ಸವರಿ ತೂಗಿದರು. ಬಂದ ಅಂಕಿಯನ್ನು ಫ್ರಿಜ್ಜಿನ ಮೇಲೆ ಅಂಟಿಸಿದರು. ಬೆಂದ ಅನ್ನ ಮೂರು ಸಮಪಾಲು, ಅವಳದೊಂದು ಪಾಲು. ಇಷ್ಟು ಸುಲಭವೇ ಎಂದುಕೊಂಡೆ.

ಆದರೆ ದಿನಾ ರಾತ್ರಿಯೂಟದ ನಂತರ ಅವಳ ಸಕ್ಕರೆ ಏರಿಯೇ ಇರುತ್ತಿತ್ತು. ಮಗು ಗುಟ್ಟಾಗಿ ಏನಾದರೂ ತಿನ್ನುತ್ತಿರಬಹುದೇ ಎಂದು ಆಸ್ಪತ್ರೆಯ ನರ್ಸ್ ಮೆತ್ತಗೆ ಕೇಳಿದರು. ಮನೆಗೆ ಬಂದ ಮೇಲೆ ಇವರು ಅದನ್ನೇ ಅಷ್ಟು ಮೆತ್ತಗಲ್ಲದೆ ಕೇಳಿದರು.

"ನಿಜ ಹೇಳು ಪುಟ್ಟಿ, ಬ್ಯಾಗಲ್ಲಿ ಚಿಪ್ಸ್ ಇಟ್ಕೊಂಡಿದೀಯಾ?"

"ಐ ಡಿಡ್ನ್ಟ್ ಈಟ್ ಎನಿಥಿಂಗ್! ಚೆಕ್ ಮಾಡ್ಕೋ!" ಬ್ಯಾಗನ್ನು ನೆಲಕ್ಕೆ ಸುರಿದಳು. ಪುಸ್ತಕ, ಟೋಪಿ, ಮುರಿದ ಪೆನ್ಸಿಲ್. ನಾನು ಎಲ್ಲವನ್ನೂ ಮತ್ತೆ ತುಂಬಿಟ್ಟೆ.

ಮಾರನೆಯ ಸಂಜೆ ನಾನು ಅಕ್ಕಿ ಅಳೆಯುವಾಗ ಅಡುಗೆಮನೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಅಮ್ಮಾ, ಅಪ್ಪ ಫ್ಲ್ಯಾಟ್ ಮಾಡಿದ್ರು. ಯು ಮೇಕ್ ಎ ಮೌಂಟನ್."

ನೋಡಿದೆ. ಪಾವಿನ ಮೇಲೆ ಗೋಪುರವಿತ್ತು. ನಮ್ಮ ಮನೆಯಲ್ಲಿ ಅಕ್ಕಿಯನ್ನು ಸವರಿ ಅಳೆಯುವುದಿಲ್ಲ. ಅದು ಅಂಗಡಿಯವರ ಕೆಲಸ, ಮನೆಯವರು ತುಂಬಿ ಅಳೆಯಬೇಕು ಎಂದು ಅಮ್ಮ ಚಿಕ್ಕಂದಿನಲ್ಲೇ ಕೈಗೆ ರೂಢಿ ಮಾಡಿಸಿದ್ದಳು. ಆ ಗೋಪುರವನ್ನಷ್ಟೇ ತಟ್ಟೆಗೆ ಸುರಿದು ತೂಗಿದೆ. ಇವರು ತಕ್ಕಡಿ ನೋಡಿದರು, ಮಗಳನ್ನು ನೋಡಿದರು. "ಸಾರಿ ಕಣೇ ಪುಟ್ಟಿ" ಎಂದರು. ಅವಳು ಟಿವಿ ಮುಂದೆ ಹೋಗಿ ಕುಳಿತಳು.

ಅಂದಿನಿಂದ ಪಾವು ಬಿಟ್ಟೆ, ಎಲ್ಲವನ್ನೂ ತಕ್ಕಡಿಯ ಮೇಲೇ ಇಟ್ಟೆ. ಬರೀ ಅನ್ನಕ್ಕೆ ಲೆಕ್ಕ ಕೂಡಿಬಂತು. ಭಾನುವಾರ ಅವಳು ಬಿಸಿಬೇಳೆಬಾತ್ ಕೇಳಿದಳು. ಎಷ್ಟೋ ದಿನದ ಮೇಲೆ ತಾನಾಗಿ ಕೇಳಿದ ತಿಂಡಿ, ಇಲ್ಲವೆನ್ನಲು ಬಾಯಿ ಬರಲಿಲ್ಲ. ಅಕ್ಕಿ, ಬೇಳೆ, ಬಟಾಣಿ, ಬೀನ್ಸ್, ಆಲೂಗಡ್ಡೆ, ನೀರು ಎಲ್ಲ ತೂಗಿಯೇ ಹಾಕಿದೆ. ಆದರೆ ಬಡಿಸಲು ಹೋದರೆ ತಳದಲ್ಲಿ ಗಟ್ಟಿ, ಮೇಲೆ ತೆಳು. ಒಂದು ಸೌಟಿಗೆ ಆಲೂಗಡ್ಡೆ ಹೋಳು ಮೂರು ಬಂದವು, ಇನ್ನೊಂದಕ್ಕೆ ಬರೀ ಬೀನ್ಸ್. ಕಲಸಿದೆ, ಮತ್ತೆ ಕಲಸಿದೆ. ತಕ್ಕಡಿ ತಟ್ಟೆಯ ತೂಕ ಹೇಳುತ್ತಿತ್ತು, ಒಳಗೇನಿದೆ ಎಂದು ಹೇಳುತ್ತಿರಲಿಲ್ಲ. ಇವರು ಫೋನಿನಲ್ಲಿ ಎರಡು ಸಲ ಲೆಕ್ಕ ಹಾಕಿದರು, ಎರಡು ಉತ್ತರ ಬಂತು.

ಮಗಳು ಇನ್ಸುಲಿನ್ ಪೆನ್ ಹಿಡಿದು ಕಾಯುತ್ತಿದ್ದಳು. ತುಪ್ಪ ಹೆಪ್ಪುಗಟ್ಟುತ್ತಿತ್ತು.

"ಅಮ್ಮಾ, ಜಸ್ಟ್ ಟೆಲ್ ಮಿ ಎ ನಂಬರ್."

ಎರಡರಲ್ಲಿ ಚಿಕ್ಕದನ್ನು ಹೇಳಿದೆ. ಅವಳು ಪೆನ್ನಿನ ತುದಿಯನ್ನು ಅಳತೆಗೆ ತಿರುಗಿಸಿ ಹೊಟ್ಟೆಗೆ ಚುಚ್ಚಿಕೊಂಡಳು. ಆಮೇಲೆ ಎಷ್ಟು ಆಸೆಯಿಂದ ತಿಂದಳೆಂದರೆ ತಟ್ಟೆಯನ್ನು ಬೆರಳಿನಿಂದ ಬಳಿದಳು.

"ಇನ್ನೊಂಚೂರು ಹಾಕ್ತೀಯಾ?"

ಸೌಟಿಗೆ ಹೋದ ನನ್ನ ಕೈ ಅಲ್ಲೇ ನಿಂತಿತು. ಇವರು ಮತ್ತೆ ಫೋನ್ ಎತ್ತಿಕೊಂಡರು. ಅವಳು ನಮ್ಮಿಬ್ಬರ ಮುಖವನ್ನೂ ನೋಡಿದಳು.

"ಬೇಡ ಬಿಡಮ್ಮ, ಐಯಾಮ್ ಫುಲ್" ಎಂದು ತಟ್ಟೆ ಎತ್ತಿಕೊಂಡು ಸಿಂಕಿನ ಕಡೆ ಹೋದಳು.