ಮಗಳ ಒದೆತ, ನನ್ನ ಕಂಬ

೧೯೯೬ರಲ್ಲಿ, ಒಂಬತ್ತನೇ ಕ್ಲಾಸಿಗೆ ನಾನು ಓದು ಬಿಟ್ಟೆ. ಆಮೇಲೆ ಕಲಿತ ವೆಲ್ಡಿಂಗ್ ಕೆಲಸವೇ ನನ್ನನ್ನು ಸ್ವೀಡನ್ನಿನ ಎಸ್ಕಿಲ್‌ಸ್ಟುನಾ ಊರಿನ ಕಾರ್ಖಾನೆಗೆ ಕರೆತಂದಿತು. ಮಗಳು ಇಲ್ಲಿ ಹುಡುಗಿಯರ ಆಸ್ಟ್ರೇಲಿಯನ್ ಫುಟ್‌ಬಾಲ್ ತಂಡ ಸೇರಿದಾಗ, ಮೈದಾನದ ಎರಡೂ ತುದಿಗೆ ನಾಲ್ಕು ನಾಲ್ಕು ಕಂಬಗಳನ್ನು ನಾನೇ ಮಾಡಿ ನಿಲ್ಲಿಸಿಕೊಟ್ಟೆ. ಚೆಂಡು ನಡುವಿನ ಎರಡು ಕಂಬಗಳ ಮಧ್ಯೆ ಹಾದುಹೋದರೆ ಆರು ಅಂಕ; ಕಂಬಕ್ಕೆ ತಾಗಿದರೆ ಒಂದೇ. ಅದನ್ನು ನೋಡಿ ಹೇಳುವ ಗೋಲ್ ಅಂಪೈರ್ ಕೆಲಸ ನಮ್ಮ ತಂಡದಲ್ಲಿ ಅಪ್ಪ ಅಮ್ಮಂದಿರದೇ, ಸರದಿಯ ಮೇಲೆ. ಆರಕ್ಕೆ ಎರಡು ಬೆರಳು, ಎರಡು ಬಿಳಿ ಬಾವುಟ; ಒಂದಕ್ಕೆ ಒಂದೊಂದೇ.

ಬೇಸಿಗೆಯ ಕೊನೆಯ ಪಂದ್ಯಕ್ಕೆ ಸರದಿ ನನ್ನದಾಗಿತ್ತು. ಸಂಜೆಯಾದರೂ ಬಿಸಿಲು ಏಳಲು ಮನಸ್ಸಿಲ್ಲದಂತೆ ಹುಲ್ಲಿನ ಮೇಲೆ ಮಲಗಿತ್ತು. ಮಗಳ ತಂಡ ಐದು ಅಂಕ ಹಿಂದಿತ್ತು, ಕೊನೆಯ ಒದೆತ ಅವಳದೇ. ಚೆಂಡು ಆ ಬೆಳಕಿನಲ್ಲಿ ನಿಧಾನವಾಗಿ ತಿರುಗುತ್ತಾ, ಎಷ್ಟೋ ಹೊತ್ತು ತೇಲುತ್ತಲೇ ಬಂದಂತೆ ಕಂಡಿತು. ನನ್ನ ತಲೆಯ ಮೇಲೆ ಕಂಬ ಸಣ್ಣಗೆ ಟಿಣ್ ಎಂದಿತು. ನಮ್ಮ ಹುಡುಗಿಯರು ಆರು ಅಂಕ ಬಂತೆಂದು ಆಗಲೇ ಕುಣಿಯುತ್ತಿದ್ದರು. ನಾನು ಒಂದೇ ಬೆರಳು ತೋರಿಸಿ, ಒಂದೇ ಬಾವುಟ ಬೀಸಿದೆ. ಮಗಳ ತಂಡ ಸೋತಿತು.

“ಪಪ್ಪಾ, ನಿಜವಾಗ್ಲೂ ತಾಗ್ತಾ?” ಮಗಳು ಓಡಿ ಬಂದು ಕೇಳಿದಳು.

“ತಾಗ್ತು ಪುಟ್ಟಿ. ನನ್ನ ಕಂಬದ ಸದ್ದು ನಂಗೊತ್ತಾಗಲ್ವಾ?”

“ಹಾಗಾದ್ರೆ ಸ್ವಲ್ಪ ಆಚೆ ನಿಲ್ಸೋಕೇನಾಗಿತ್ತು!”

ಹಾಗೆ ಸಿಡುಕಿದವಳೇ, ಇಲ್ಲಿಯವರು ‘ಫೀಕಾ’ ಎನ್ನುವ ಕಾಫಿ-ತಿಂಡಿಗೆಂದು ತಂದಿದ್ದ ದಾಲ್ಚಿನ್ನಿ ಬನ್ ಮುರಿದು ಅರ್ಧ ನನ್ನ ಕೈಗಿಟ್ಟಳು.

ಈಗ ನನಗೆ ಒಂದು ಕೆಲಸವಿದೆ, ಎಂಟು ಕಂಬಗಳಿವೆ, ಎರಡು ಬಿಳಿ ಬಾವುಟಗಳಿವೆ, ಒಬ್ಬ ಮಗಳಿದ್ದಾಳೆ.